ಮಾರ್ಟಿಮರ್ ತಾತನ ವಂಶಾವಳಿ

ಒದ್ದೆಯಾದ ಕಾಗದಕ್ಕೆ ಬೂಸಲು ಹಿಡಿದ ವಾಸನೆ ನಿಮಗೂ ಗೊತ್ತಿರಬಹುದು. ಅದು ಮೂಗಿಗೆ ಬಡಿದರೆ ಸಾಕು, ನನಗೆ ವುಲ್ವರ್‌ಹ್ಯಾಂಪ್ಟನ್ನಿನ ನಮ್ಮ ಬಾಡಿಗೆ ಮನೆಯೂ ಅದಕ್ಕೆ ಗೋಡೆ ಹಂಚಿಕೊಂಡಿದ್ದ ಮಿಸ್ಟರ್ ಮಾರ್ಟಿಮರ್ ಅವರ ಮನೆಯೂ ನೆನಪಾಗುತ್ತವೆ. ಎರಡರಲ್ಲೂ ಈಗ ಬೇರೆ ಯಾರೋ ಇದ್ದಾರೆ. ನನಗಾಗ ಹತ್ತು ವರ್ಷ. ಅಪ್ಪ ಆಸ್ಪತ್ರೆಯಲ್ಲಿ ಡಾಕ್ಟರು, ರೋಟಾ ಎಂಬ ಪಾಳಿಪಟ್ಟಿ ಕರೆದಾಗ ಓಡುವವರು. ಅಮ್ಮ ಬಸುರಿ, ಸದಾ ಸುಸ್ತು. ಹಾಗಾಗಿ ಶಾಲೆ ಬಿಟ್ಟ ಮೇಲೆ ನಾನು ಪಕ್ಕದ ಮನೆಯ ಅಡುಗೆಮನೆ ಮೇಜಿನ ಮುಂದೆ ಹಾಜರು. ನಾವು ಮನೆಯೊಳಗೆ ಅವರನ್ನು ತಾತ ಎಂದೇ ಕರೆಯುತ್ತಿದ್ದೆವು.

ತಾತ ಬೀಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಹೋಗಿದ್ದರು, ಒಬ್ಬನೇ ಮಗ ಮೋಟರ್‌ಬೈಕಿನಿಂದ ಬಿದ್ದು ಸತ್ತಿದ್ದ. ಉಳಿದಿದ್ದದ್ದು ಒಂದೇ ಕೆಲಸ: ಗೋಡೆಗೆ ಅಂಟಿಸಿ ಮಿಕ್ಕ ವಾಲ್‌ಪೇಪರ್ ಸುರುಳಿಯ ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ತಮ್ಮ ಮನೆತನದ ಹೆಸರಿನ ಕಥೆ ಬರೆಯುವುದು. ಮೇಲ್ತುದಿಯಲ್ಲಿ ಕಡಲಾಚೆಯ ನಾರ್ಮಂಡಿಯ ಒಂದು ಹಳ್ಳಿ. ಅವರ ಪೂರ್ವಜನೊಬ್ಬ ಕ್ರೈಸ್ತರ ಧರ್ಮಯುದ್ಧಕ್ಕೆ ಹೋಗಿ ಮೃತ ಸಮುದ್ರದ ದಡದಲ್ಲಿ ‘ಸತ್ತ ನೀರು’ ಎಂಬ ಅರ್ಥದ ಆ ಹೆಸರು ಗಳಿಸಿದ ಎಂದು ಜನ ಹೇಳುತ್ತಾರಂತೆ; ಅದೆಲ್ಲ ಬುರುಡೆ, ನಿಂತ ನೀರಿನ ಪಕ್ಕದ ಹಳ್ಳಿ ಅಷ್ಟೇ ಎಂದು ತಾತ ನಗುತ್ತಿದ್ದರು. ಆ ಹಳ್ಳಿಯಿಂದ ಕಡಲು ದಾಟಿ ಬಂದ ದಂಡಿನವರು, ಕೋಟೆ ಕಟ್ಟಿದವರು, ದೊರೆಯನ್ನು ಎದುರು ಹಾಕಿಕೊಂಡು ತಲೆ ಕಳೆದುಕೊಂಡವರು. ಕೆಳಗಿಳಿದಂತೆ ಮೊಳೆ ಬಡಿಯುವವರು, ಕಲ್ಲಿದ್ದಲು ಅಗೆಯುವವರು, ಬೀಗದವರು. ನಡುವೆ ಕೊಂಡಿ ಸಿಗದ ಕಡೆ ಚುಕ್ಕಿ ಇಟ್ಟು, ಗೊತ್ತಿಲ್ಲವೆಂದು ಒಪ್ಪಿಕೊಂಡಿದ್ದರು. ನಮ್ಮ ಅಡ್ಡಹೆಸರಾದ ಹೊಸಕೆರೆಯೂ ಊರಿನದೇ, ಇನಿಷಿಯಲ್ಲಿನಲ್ಲಿದ್ದದ್ದನ್ನು ಪಾಸ್‌ಪೋರ್ಟಿನವರು ಎಳೆದು ಮನೆತನದ ಹೆಸರು ಮಾಡಿದರು ಎಂದು ಅಪ್ಪ ಹೇಳಿದಾಗ ತಾತ ಎದ್ದು ಅವರ ಕೈ ಕುಲುಕಿದ್ದರು.

ಚಳಿಗಾಲಕ್ಕೆ ಮುಂಚೆ ಶ್ವಾಸಕೋಶದ ಕಾಯಿಲೆಗೆ ಆಸ್ಪತ್ರೆ ಸೇರುವಾಗ ತಾತ ಆ ಸುರುಳಿಯನ್ನು ನನ್ನ ಕೈಗಿತ್ತರು. "ಇದಕ್ಕೆ ನನ್ನ ಬಿಟ್ಟರೆ ಯಾರೂ ಇಲ್ಲ, ಮಗು. ತೇವ ತಾಗದ ಹಾಗೆ ಇಡು" ಎಂದರು. ಅಮ್ಮ ಅದನ್ನು ಬಾಗಿಲಲ್ಲೇ ತಡೆದರು. ಅವರಿಗೆ ಹಿಂದೊಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. "ಅಷ್ಟೊಂದು ಸತ್ತವರ ಹೆಸರು ಬಸುರಿ ಇರೋ ಮನೇಲಿ ಬೇಡ ಕಣೆ. ಹೆರಿಗೆ ಒಂದಾಗ್ಲಿ, ಒಳಗೆ ತರೋಣ." ಎಲ್ಲಕ್ಕೂ ವಿಜ್ಞಾನ ಹೇಳುತ್ತಿದ್ದ ಅಪ್ಪ ಅಂದು ಶೆಡ್ಡಿನ ಕೀಲಿ ತಂದುಕೊಟ್ಟರು. ನಾನು ಸುರುಳಿಯನ್ನು ಹಿತ್ತಲಿನ ಶೆಡ್ಡಿನಲ್ಲಿಟ್ಟೆ. ತಮ್ಮ ಹುಟ್ಟಿದ, ಗುಂಡಗಿದ್ದ. ಆ ಸಂಭ್ರಮದಲ್ಲಿ ವಾರಗಳೇ ಕಳೆದವು. ನೆನಪಾಗಿ ಓಡಿಹೋದರೆ ಶೆಡ್ಡಿನ ಸೂರು ಸೋರಿ ಸುರುಳಿ ಉಬ್ಬಿಕೊಂಡಿತ್ತು. ಬಿಚ್ಚಿದರೆ ಉದ್ದಕ್ಕೂ ನೀಲಿ ಕಲೆ, ಒಂದು ಹೆಸರೂ ಇಲ್ಲ. ಅಮ್ಮ ಮಗುವನ್ನು ಎದೆಗವಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಕಾಯಿಲೆಯವರಿಗೆ ಹೇಳುವುದು ಬೇಡ ಎಂದು ಅಪ್ಪ ತೀರ್ಮಾನಿಸಿದರು.

ವಾರ್ಡಿನಲ್ಲಿ ತಾತ ಹಾಸಿಗೆಗೆ ಅಂಟಿಹೋಗಿದ್ದರು. ಕಾಗದ ಹೇಗಿದೆ ಎಂದು ಕೇಳಿದರು. ನನ್ನ ಮಂಚದ ಕೆಳಗೆ ಭದ್ರವಾಗಿದೆ ಎಂದೆ. "ಹಾಗಾದರೆ ಮೇಲಿನಿಂದ ಒಮ್ಮೆ ಹೇಳು" ಎಂದು ಕಣ್ಣು ಮುಚ್ಚಿದರು. ನನಗೆ ನೆನಪಿದ್ದದ್ದು ನಾಲ್ಕೋ ಐದೋ. ಹೆದರಿಕೆಯಿಂದ ನಡುವೆಲ್ಲ ನನ್ನ ತರಗತಿಯ ಹುಡುಗರ ಹೆಸರು ತುರುಕುತ್ತಾ ಕೊನೆಗೆ ಅವರ ಮಗನ ಹೆಸರಿಗೆ ಬಂದು ನಿಲ್ಲಿಸಿದೆ. ಒಂಬೈನೂರು ವರ್ಷದ ಹೆಸರುಗಳು ಬಾಯಿಪಾಠವಿದ್ದ ಮನುಷ್ಯ ನನ್ನ ಕೈ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡರು, ಒಂದನ್ನೂ ತಿದ್ದಲಿಲ್ಲ.