ನಲವತ್ತೊಂದನೇ ಟೆಸ್ಟ್ ಪಾಸಾದ ಬೆಳಿಗ್ಗೆ

ಯಾರಾದರೂ ನನ್ನೆದುರು ಕೂತು "ಅದೆಲ್ಲ ತಾನಾಗೇ ಆಗುತ್ತೆ ಮೇಡಂ" ಎಂದರೆ ಇವತ್ತಿಗೂ ಮೈ ಉರಿಯುತ್ತದೆ. ತಾನಾಗೇ ಏನೂ ಆಗುವುದಿಲ್ಲ. ಯಾರೋ ಒಬ್ಬರು ಹೇಳಿಕೊಟ್ಟಿರುತ್ತಾರೆ. ನಾನು ಹೇಳುವ ಈ ಸಂಗತಿಯಲ್ಲಿ ಹೇಳಿಕೊಟ್ಟವಳು ನಾನೇ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ತುಮಕೂರಿನಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ನಮ್ಮ ಸಾಫ್ಟ್‌ವೇರ್ ಆಫೀಸು. ಹಳ್ಳಿಯ ಡೈರಿಗಳಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ ಚೀಟಿ ಕೊಡುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಅದನ್ನು ಪರೀಕ್ಷಿಸುವುದು ನನ್ನ ಕೆಲಸ. ಟೆಸ್ಟ್ ಕೇಸುಗಳನ್ನು ಕೈಯಲ್ಲಿ ಬರೆದು ಬರೆದು ರೋಸಿಹೋಗಿ, ಒಂದು ವರ್ಷ ಕೂತು ಒಂದು ಟೂಲ್ ಕಟ್ಟಿದೆ. ಯಾರು ಬರುತ್ತಾರೆ, ಏನು ಮಾಡುತ್ತಾರೆ, ಎಲ್ಲಿ ಎಡವಟ್ಟಾಗಬಹುದು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದುಕೊಟ್ಟರೆ ಅದಕ್ಕೆ ಯೂಸ್ ಕೇಸ್ ಎನ್ನುತ್ತಾರೆ. ನನ್ನ ಟೂಲ್ ಅದನ್ನು ಓದಿ, ಒಂದೊಂದು ದಾರಿಗೂ ಒಂದೊಂದು ಟೆಸ್ಟ್ ಕೇಸನ್ನು ತಾನೇ ತಯಾರು ಮಾಡುತ್ತಿತ್ತು. ಕರೆಂಟ್ ಹೋದರೆ? ಹಾಲು ಒಡೆದಿದ್ದರೆ? ನಂಬರ್ ತಪ್ಪು ಹೇಳಿದರೆ? ಪ್ರಿಂಟರಿನಿಂದ ಹಾಳೆ ಮೇಲೆ ಹಾಳೆ ಬರುತ್ತಿದ್ದರೆ ನಾನು ಬೀಗಿದ್ದೇ ಬೀಗಿದ್ದು.

ಯೂಸ್ ಕೇಸ್ ಬರೆಯಲು ನಮ್ಮ ಬಾಸ್ ನನ್ನನ್ನು ಕುಣಿಗಲ್ ಕಡೆಯ ಒಂದು ಡೈರಿಗೆ ಕಳಿಸಿದರು. ಹೋದದ್ದು ಮಧ್ಯಾಹ್ನ, ಹಾಲು ಹಾಕುವವರು ಒಬ್ಬರೂ ಇಲ್ಲದ ಹೊತ್ತು. ಅಲ್ಲಿನ ಕಾರ್ಯದರ್ಶಿ ಟೀ ತರಿಸಿಕೊಟ್ಟು, ನಿಯಮದ ಪುಸ್ತಕ ಮುಂದಿಟ್ಟ. ನಾನು ಅದರಂತೆ ಬರೆದುಕೊಂಡೆ. ಸದಸ್ಯ ಬರುತ್ತಾನೆ. ಸದಸ್ಯ ನಂಬರ್ ಹೇಳುತ್ತಾನೆ. ಸದಸ್ಯ ಹಾಲು ಹಾಕುತ್ತಾನೆ. ಪಕ್ಕದಲ್ಲಿ ಒಂದು ಸೊನ್ನೆ, ನಾಲ್ಕೈದು ಗೀಟು ಎಳೆದು ಕಡ್ಡಿಯಂಥ ಮನುಷ್ಯನ ಚಿತ್ರ ಬರೆದೆ. ಯೂಸ್ ಕೇಸಿನಲ್ಲಿ ಮನುಷ್ಯರನ್ನು ಬರೆಯುವುದೇ ಹಾಗೆ.

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗಾಯಿತು. ನಾನು ದಿನಾ ಕಡಬದ ಪಕ್ಕದ ನಮ್ಮೂರಿನಿಂದ ಗುಬ್ಬಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ತುಮಕೂರಿಗೆ ಹೋಗುತ್ತಿದ್ದವಳು. ನಾನು ಜಡೆ ಹಾಕಿಕೊಳ್ಳುವ ಹೊತ್ತಿಗೆ ಅಮ್ಮ ಡೈರಿಗೆ ಹಾಲು ಹಾಕಿ ಬಂದಿರುತ್ತಿದ್ದಳು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ನಂಬರ್ ಮಾತ್ರ ಅಪ್ಪನದೇ. ಇದ್ದಾಗಲೂ ಅವರು ಡೈರಿಯ ಮೆಟ್ಟಿಲು ಹತ್ತಿದವರಲ್ಲ. ನಮ್ಮೂರಲ್ಲಿ ಹಾಲು ಕರೆಯುವವರು, ಕ್ಯಾನು ಹೊರುವವರು ಎಲ್ಲ ಹೆಂಗಸರೇ, ಪುಸ್ತಕದಲ್ಲಿ ಹೆಸರು ಗಂಡಸರದು. ಹುಟ್ಟಿದಾಗಿನಿಂದ ಇದನ್ನು ನೋಡಿದವಳು ಕುಣಿಗಲ್ಲಿನಲ್ಲಿ ಕೂತು 'ಸದಸ್ಯ ಬರುತ್ತಾನೆ' ಎಂದು ಬರೆದೆನಲ್ಲ, ನನ್ನ ಬುದ್ಧಿಗೆ ಬೆಂಕಿ ಹಾಕ!

"ಒಂದು ಬೆಳಿಗ್ಗೆ ಯಾವುದಾದ್ರೂ ಡೈರೀಲಿ ನಿಂತು ನೋಡ್ತೀನಿ ಸರ್" ಎಂದು ಬಾಸನ್ನು ಕೇಳಿದ್ದುಂಟು. "ಟೂಲ್ ಇದ್ಮೇಲೆ ಸಗಣಿ ತುಳಿಯೋ ಕರ್ಮ ಯಾಕಮ್ಮಾ? ಎಲ್ಲಾ ಪಾಸಾಗಿದೆಯಲ್ಲ" ಎಂದು ನಕ್ಕರು. ನಾನೂ ಹಲ್ಲು ಕಿರಿದೆ.

ಮೊದಲ ಪ್ರಯೋಗಕ್ಕೆ ನಮ್ಮೂರ ಡೈರಿಯನ್ನೇ ಆರಿಸಿದರು. ಆ ಬೆಳಿಗ್ಗೆ ಬಾಸ್ ಜೊತೆ ನಾನೂ ಅಲ್ಲಿದ್ದೆ. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಮುಂದೆ ನಿಂಬೆಹಣ್ಣು ಇಟ್ಟಿದ್ದರು. ಮಗಳ ಕೆಲಸ ನೋಡಬೇಕೆಂದು ಅಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟು, ಕ್ಯಾನು ಹಿಡಿದು ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು. ನಮ್ಮೂರ ಕಾರ್ಯದರ್ಶಿ ಅಪ್ಪನ ನಂಬರ್ ಒತ್ತಿದ. ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಸದಸ್ಯರು ಮೃತರು, ಹಾಲು ಸ್ವೀಕರಿಸಬೇಡಿ.

"ಇದೇನಪ್ಪಾ ಇದು? ನಿನ್ನೆ ತಾನೇ ಹಾಕಿಸ್ಕೊಂಡ್ಯಲ್ಲ?" ಎಂದಳು ಅಮ್ಮ.

"ಸತ್ತೋರ ಹೆಸ್ರ ಮುಂದೆ ಗುರುತು ಹಾಕಿ ಅಂತ ಲಿಸ್ಟ್ ಕೊಟ್ಟಿದ್ರು, ಹಾಕ್ದೆ ಕಣಕ್ಕ. ಕಂಪ್ಯೂಟ್ರಿಗೆ ಸುಳ್ಳು ಹೇಳಕಾಯ್ತದಾ?" ಎಂದ ಅವನು. ಎರಡು ವರ್ಷ ತನ್ನ ಪುಸ್ತಕದಲ್ಲಿ ಅಪ್ಪನ ನಂಬರ್ ಬರೆದುಕೊಂಡೇ ಹಾಲು ತೆಗೆದುಕೊಂಡಿದ್ದ ಪುಣ್ಯಾತ್ಮ!

ನಲವತ್ತೊಂದನೇ ಟೆಸ್ಟ್ ಅದು. ಮೃತ ಸದಸ್ಯನ ನಂಬರ್ ಕೊಟ್ಟರೆ ಹಾಲು ತೆಗೆದುಕೊಳ್ಳಬಾರದು. ನಿಯಮದ ಪುಸ್ತಕ ನೋಡಿ ನಾನು ಬರೆದುಕೊಂಡದ್ದರಿಂದ ನನ್ನ ಟೂಲ್ ತಯಾರಿಸಿದ್ದು, ನಾನೇ ಪಾಸ್ ಎಂದು ಗುರುತು ಮಾಡಿದ್ದು. ಬಾಸ್‌ಗೆ ಆಕೆ ಯಾರೆಂದು ಗೊತ್ತಿರಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, "ನೋಡಮ್ಮಾ, ಎಷ್ಟು ಕರೆಕ್ಟಾಗಿ ಹಿಡೀತು!" ಎಂದರು. "ಅವರು ನಮ್ಮಮ್ಮ ಸರ್" ಎಂದು ನಾನು ಆಗಲೇ ಹೇಳಬೇಕಿತ್ತು. ಪರದೆಯನ್ನೇ ನೋಡುತ್ತ ನಿಂತೆ. ಅಮ್ಮ ಒಮ್ಮೆ ನನ್ನ ಮುಖ ನೋಡಿ, ತುಂಬಿದ ಕ್ಯಾನು ಎತ್ತಿಕೊಂಡು ಮೆಟ್ಟಿಲಿಳಿದಳು. ಹಿಂದೆ ನಿಂತಿದ್ದ ಇನ್ನೊಬ್ಬಳು ಗಂಡ ಸತ್ತವಳು ಹೇಳಿಸಿಕೊಳ್ಳದೆಯೇ ವಾಪಸ್ ತಿರುಗಿದಳು.

ಸಂಜೆ ಮನೆಗೆ ಬಂದರೆ ಅಮ್ಮ ಇದ್ದಬದ್ದ ಪಾತ್ರೆಯಲ್ಲೆಲ್ಲ ಹೆಪ್ಪು ಹಾಕಿಟ್ಟಿದ್ದಳು.

"ಅದನ್ನ ಬರ್ದೋರ್ಯಾರೇ?" ಎಂದು ಕೇಳಿದಳು.

"ಟೂಲ್ ಬರಿಯತ್ತಮ್ಮ, ತಾನಾಗೇ" ಎಂದೆ. ಇಂಥ ಹೇಡಿ ಮಾತನ್ನು ನಾನು ಇನ್ಯಾವತ್ತೂ ಆಡಿಲ್ಲ.

"ತಾನಾಗೇ ಹೆಂಗ್ ಬರೀತದೆ? ನಿಮ್ಮಪ್ಪ ಸತ್ತೋಗಿರೋದು ಅದಕ್ಕೆ ಗೊತ್ತಾಯ್ತು. ನಾನ್ ಬದ್ಕಿರೋದು ಯಾಕ್ ಗೊತ್ತಾಗ್ಲಿಲ್ಲ ಕಣೆ?"

ಮರುದಿನ ಆಫೀಸಿಗೆ ಹೋದವಳೇ ಯೂಸ್ ಕೇಸಿಗೆ ಒಂದು ಸಾಲು ಸೇರಿಸಿದೆ: ಸದಸ್ಯನ ಬದಲು ಅವನ ಮನೆಯವಳು ಹಾಲು ತರುತ್ತಾಳೆ, ಅವಳ ಹೆಸರಿನಲ್ಲೇ ತೆಗೆದುಕೊಳ್ಳಬೇಕು. ಬಾಸ್ ಓದಿ, "ಇದು ರೂಲಲ್ಲಿಲ್ಲ, ತೆಗಿಯಮ್ಮ" ಎಂದರು.

"ರೂಲಲ್ಲಿ ಇಲ್ದೆ ಇರಬಹುದು, ಸಾಲಲ್ಲಿ ನಿಂತಿರೋರು ಅವರೇ! ನೀವು ನಿನ್ನೆ ವಾಪಸ್ ಕಳಿಸಿದ್ದು ನಮ್ಮಮ್ಮನ್ನ!"

ಆಫೀಸೆಲ್ಲ ತಿರುಗಿ ನೋಡಿತು. ಬಾಸ್ ಮುಖ ಸಣ್ಣದು ಮಾಡಿಕೊಂಡು, "ಮೊದ್ಲೇ ಹೇಳ್ಬಾರ್ದಾ? ಅವರೊಬ್ಬರದು ಸರಿ ಮಾಡಿಸ್ತಿದ್ವಲ್ಲ" ಎಂದರು. ಅವರೊಬ್ಬರದಂತೆ! ಆ ಸಾಲು ಸಾಫ್ಟ್‌ವೇರಿನ ಒಳಗೆ ಹೋಗದೆ ಯಾವ ಟೆಸ್ಟ್ ರಿಪೋರ್ಟಿಗೂ ಸಹಿ ಹಾಕುವುದಿಲ್ಲ ಎಂದು ಪೆನ್ನು ಮೇಜಿನ ಮೇಲೆ ಕುಕ್ಕಿ ಬಂದೆ.

ಡೈರಿಯವರನ್ನು ಒಪ್ಪಿಸಿ ಅದು ಒಳಗೆ ಹೋಗಲು ಹದಿನೈದು ದಿನ ಹಿಡಿಯಿತು. ಅಷ್ಟು ದಿನವೂ ನಮ್ಮ ಮನೆಯ ಹಾಲು ಡೈರಿಗೆ ಹೋಗಲಿಲ್ಲ. ಅಮ್ಮ ಬೈಯಲಿಲ್ಲ. ದಿನಾ ಬೆಳಿಗ್ಗೆ ನನ್ನ ಡಬ್ಬಿಗೆ ಮೊಸರನ್ನ ಕಟ್ಟಿದಳು. ನಾನು ದಿನಾ ಮಧ್ಯಾಹ್ನ ಅದನ್ನು ಒಂದು ಅಗುಳೂ ಬಿಡದೆ ತಿಂದೆ.