ಅಕ್ಕನ ಎಡಗೈಯ ಪ್ಯಾಡು

ಎಲೆಕ್ಟ್ರಾನಿಕ್ ಡ್ರಮ್ಮಿನ ಒಂದು ವೈಚಿತ್ರ್ಯವೆಂದರೆ, ಹೆಡ್‌ಫೋನ್ ಹಾಕಿಕೊಂಡು ನುಡಿಸುವವರ ಕಿವಿಯಲ್ಲಿ ಗುಡುಗು ಮೊಳಗುತ್ತಿರುವಾಗಲೂ ಪಕ್ಕದಲ್ಲಿ ಕುಳಿತವರಿಗೆ ಕೇಳಿಸುವುದು ಯಾರೋ ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿರುವಂಥ ಸಪ್ಪಳ ಮಾತ್ರ. ಸಿದ್ಧಾರ್ಥನಗರದಲ್ಲಿರುವ ಸುನಂದಕ್ಕನ ಮನೆಯ ಮೆಟ್ಟಿಲು ಹತ್ತುವಾಗಲೆಲ್ಲ ಈ ಸಪ್ಪಳಕ್ಕೆ ನನ್ನ ಹೊಟ್ಟೆ ವ್ಯರ್ಥವಾಗಿ ಜಾಗೃತವಾಗುತ್ತದೆ. ನನ್ನ ಸಂಗೀತ ಸಂಸ್ಕಾರ ಅಷ್ಟರಮಟ್ಟಿನದು.

ಅಕ್ಕ ಆರತಕ್ಷತೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾಗೆ ಡ್ರಮ್ ನುಡಿಸುತ್ತ ಬಂದವಳು. ಹೋದ ವರ್ಷ ಬನ್ನಿಮಂಟಪದ ಒಂದು ಆರತಕ್ಷತೆಯಲ್ಲಿ, ಹಾಡಿನ ನಡುವೆ ಅವಳ ಎಡಗೈಯಿಂದ ಕೋಲು ಜಾರಿತು. ಬಲಗೈ ಇನ್ನೂ ತಾಳ ಹಿಡಿದಿತ್ತು. ಆಮೇಲೆ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಮುಂದಿನ ಸಾಲಿನಲ್ಲಿದ್ದ ನಾನು ಇದನ್ನೆಲ್ಲ ಇದೇ ಕ್ರಮದಲ್ಲಿ ಕಂಡೆ. ಪಾರ್ಶ್ವವಾಯು ಎಂದರು ವೈದ್ಯರು. ಅಕ್ಕ ಬಹುಮಟ್ಟಿಗೆ ಚೇತರಿಸಿಕೊಂಡಳು. ನನ್ನ ವಿಷಯ ಹಾಗೆ ಹೇಳಲಾರೆ. ಅವಳು ಕಾಫಿ ಲೋಟ ಎತ್ತಿದರೂ ನನ್ನ ಕಣ್ಣು ಆ ಎಡಗೈ ಮೇಲೇ.

ಮತ್ತೆ ವೇದಿಕೆಯೇರಬೇಕೆಂಬ ಹಟದಲ್ಲಿ ಅವಳು ಮೊದಲು ಮಾಡಿದ ಕೆಲಸ ಡ್ರಮ್ಮಿನಲ್ಲಿ ಕೋಲು ಬೀಳುವ, ಗಟ್ಟಿ ರಬ್ಬರಿನ ಹಳೆಯ ಪ್ಯಾಡುಗಳನ್ನು ಬದಲಾಯಿಸಿದ್ದು. ಹೊಸವಕ್ಕೆ ಸೊಳ್ಳೆಪರದೆಯಂಥ ಜಾಲರಿ. ಕೋಲು ಬಿದ್ದರೆ ಅದೇ ಮೇಲಕ್ಕೆ ಚಿಮ್ಮಿಸಿ, ಸೋತ ಮಣಿಕಟ್ಟಿಗೆ ಅರ್ಧ ಶ್ರಮ ಉಳಿಸುತ್ತದೆ. ಸುತ್ತಲಿನ ತಿರುಪುಗಳನ್ನು ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಅವಳು ಬಿಗಿಮಾಡುವ ತಾಳ್ಮೆಯನ್ನು ಕಂಡು, ಮನೆಯ ನಲ್ಲಿಯನ್ನು ಬಿಗಿಮಾಡಲು ಹೋಗಿ ಮುರಿದಿಟ್ಟಿರುವ ನಾನು ಮೌನವಾಗಿ ನಮಿಸಿದ್ದೇನೆ. ಎಡಗೈಯ ಪ್ಯಾಡಿಗೆ ಮಾತ್ರ ಅವಳು ಸೆನ್ಸಿಟಿವಿಟಿಯನ್ನು ತೀರ ಏರಿಸಿಟ್ಟಳು. ಮೆಲ್ಲಗೆ ತಾಗಿದರೂ ಅದು ಫಟ್ಟೆನ್ನುತ್ತಿತ್ತು.

ಗಣೇಶನ ಹಬ್ಬದ ಕಾರ್ಯಕ್ರಮಗಳಲ್ಲಿ ಡ್ರಮ್ಮಿಗೆ ಯಾರನ್ನು ಕೂರಿಸುವುದೆಂದು ತೀರ್ಮಾನಿಸಲು ಆರ್ಕೆಸ್ಟ್ರಾದ ಲೋಕೇಶ ಒಂದು ಭಾನುವಾರ ಬಂದ. ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ, ಸಂಜೆಗೆ ಕೀಬೋರ್ಡು. ಅಂದು ಹೆಡ್‌ಫೋನಿಲ್ಲ, ಸ್ಪೀಕರು. ಅಕ್ಕ ನುಡಿಸಿದಳು. ಎಡಗೈಯ ಪ್ಯಾಡು ತಾಳದ ಸರಿಯಾದ ಮಾತ್ರೆಗೇ ನುಡಿಯಿತು. ಲೋಕೇಶ ಕಣ್ಣು ಮುಚ್ಚಿ ತಲೆದೂಗಿದ.

"ಕೈ ಬಂದ್ಬುಡ್ತಲ್ಲಕ್ಕಾ. ಇನ್ನೇನು, ಹಬ್ಬಕ್ಕೆ ನೀವೇ."

ನಾನು ಕಣ್ಣು ಮುಚ್ಚಿರಲಿಲ್ಲ. ಎಡಗೈಯ ಕೋಲು ಜಾಲರಿಗಿಂತ ಒಂದಂಗುಲ ಮೇಲೆ ನಿಂತಿತ್ತು. ಅದು ಕೆಳಗಿಳಿದದ್ದನ್ನು ನಾನು ಕಾಣಲಿಲ್ಲ. ಎಲ್ಲ ಪ್ಯಾಡುಗಳಿಗೂ ಒಂದೇ ಕಬ್ಬಿಣದ ಚೌಕಟ್ಟು. ಆ ಮಾತ್ರೆಗಳಲ್ಲಿ ಅವಳ ಬಲಗೈ ವಾಡಿಕೆಯಂತೆ ತುಸು ಜೋರಾಗಿ ಬೀಳುತ್ತಿತ್ತು. ಚೌಕಟ್ಟಿನ ಆ ಅದುರುವಿಕೆಗೇ ಪಕ್ಕದ ಪ್ಯಾಡು, ಯಾರೂ ಮುಟ್ಟದೆ, ಸದ್ದು ಮಾಡುತ್ತಿತ್ತು. ಅಕ್ಕನ ಮುಖದಲ್ಲಿ ವರ್ಷದಿಂದ ಕಾಣದ ಬೆಳಕಿತ್ತು. ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತೇ ಎಂದು ನಿಮ್ಮನ್ನು ಕೇಳಬಹುದಿತ್ತು. ಆದರೆ ಅದಕ್ಕೆ ಸಮಯ ಸಿಗಲಿಲ್ಲ.

ಅಕ್ಕ ತಟ್ಟನೆ ನಿಲ್ಲಿಸಿದಳು. ಎಡಗೈಯನ್ನು ತೊಡೆಯ ಮೇಲಿಟ್ಟು, ಬಲಗೈಯಿಂದ ಮಾತ್ರ ಒಂದು ಪೆಟ್ಟು ಕೊಟ್ಟಳು. ಎರಡು ಪ್ಯಾಡೂ ನುಡಿದವು.

"ನೋಡ್ದೇನೋ ಲೋಕೇಶ? ನುಡಿಸ್ತಾ ಇರೋದು ನಾನಲ್ಲ ಕಣೋ, ಕಬ್ಬಿಣ."

"ಬುಡಿ ಅಕ್ಕಾ, ಪೆಂಡಾಲಲ್ಲಿ ಯಾರಿಗ್ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ." ನನ್ನ ಕಡೆ ತಿರುಗಿದಳು. "ನಿಂಗೂ ಗೊತ್ತಾಗಿತ್ತು. ಗೂಬೆ ಥರ ಕೂತಿದ್ದೆ. ಏಳು, ಆ ಸ್ಟ್ಯಾಂಡ್ ತಗೊಂಬಾ."

ಎಡಗೈಯ ಪ್ಯಾಡನ್ನು ಚೌಕಟ್ಟಿನಿಂದ ಬಿಡಿಸಿ ಬೇರೆ ಸ್ಟ್ಯಾಂಡಿಗೆ ಹಾಕಿದಳು. ನೆಲದ ಅದುರುವಿಕೆ ತಾಗದಂತೆ ನಾನು ಅದರ ಕಾಲಡಿಗೆ ಬೆಡ್‌ಶೀಟು ಮಡಿಸಿ ಹಾಸಿದೆ. ಕೈ ಸಲೀಸಾಗಿ ಇಳಿಯುವಷ್ಟಕ್ಕೆ ಪ್ಯಾಡನ್ನು ತಗ್ಗಿಸಿ, ತನ್ನತ್ತ ಓರೆಮಾಡಿ, ಸೆನ್ಸಿಟಿವಿಟಿಯನ್ನು ತಾನೇ ಇಳಿಸಿದಳು. ದಕ್ಕಿದ ಸೀಟನ್ನು ಹೀಗೆ ತನ್ನ ಕೈಯಾರೆ ಬಿಟ್ಟುಕೊಡುವ ಧೈರ್ಯವನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಮತ್ತೆ ನುಡಿಸಿದಳು. ಒಂದು ಪೆಟ್ಟು ಬಿತ್ತು, ಒಂದು ತಪ್ಪಿತು, ಮುಂದಿನದು ತಡವಾಗಿ ಬಂತು.

ಲೋಕೇಶ ಈ ಸಲ ಕಣ್ಣು ತೆರೆದೇ ಕೇಳಿದ. "ನಿಧಾನದ ಹಾಡು ಎರಡು ನಿಮಗಿರಲಿ ಅಕ್ಕಾ," ಎಂದ. "ಮಿಕ್ಕಿದ್ದಕ್ಕೆ ಬೇರೆಯೋರನ್ನ ನೋಡ್ತೀನಿ."

"ಒಂದು ಸಾಕು ಕಣೋ. ಅದನ್ನ ಪೂರ್ತಿ ನಾನೇ ನುಡಿಸ್ತೀನಿ."

ಅವನು ತಂದಿದ್ದ ಕೀಬೋರ್ಡನ್ನು ಚೀಲದಿಂದ ತೆಗೆದ. ಇಬ್ಬರೂ ಶುರುಮಾಡಿದರು. ಎಡಗೈಯ ಪೆಟ್ಟು ಮೆತ್ತಗೆ, ಆಗಾಗ ತಪ್ಪುತ್ತ, ಮತ್ತೆ ಸಿಗುತ್ತ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅರಿವಾಯಿತು: ನಾನು ಆ ಎಡಗೈಯನ್ನು ಬಿಟ್ಟು ಕಿಟಕಿಯಾಚೆ ನೋಡುತ್ತ, ಬರೀ ಹಾಡು ಕೇಳುತ್ತ ಕುಳಿತಿದ್ದೆ.