ಗಡ್ಡಣ್ಣನ ಗದ್ದ

ಕ್ಷಯದ ವಾರ್ಡಿನ ಅಟೆಂಡರನಿಗೆ ಮನೆಯವರು ಇಟ್ಟ ಹೆಸರು ಆಸ್ಪತ್ರೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಗಡ್ಡಣ್ಣ. ಭಾರಿ ಗಡ್ಡವೇನಲ್ಲ, ಮಾಸ್ಕಿನೊಳಗೆ ಅಡಗುವಷ್ಟು, ಗಿಡ್ಡಕ್ಕೆ ಕತ್ತರಿಸಿದ್ದು. ಆದರೂ ಅದರ ಮೇಲೆ ಅವನಿಗೆ ಪ್ರಾಣ! ಯಾಕೆ ಅಂದರೆ, ಗದ್ದ ಅನ್ನೋದನ್ನ ದೇವರು ಅವನಿಗೆ ಕೊಡೋಕೇ ಮರೆತಿದ್ದ. ಶಾಲೆಯ ಹುಡುಗರು 'ಇಲಿಮರಿ' ಅಂತ ಕರೆದೂ ಕರೆದೂ ಅಳಿಸಿದ್ದರು. ಗಡ್ಡ ಬೆಳೆದ ಮೇಲೆ ಇಲಿಮರಿ ಬಿಲ ಸೇರಿತು. ಆಮೇಲೆ ಕ್ಷೌರದ ಕತ್ತಿಯನ್ನ ಗದ್ದದ ಹತ್ತಿರ ಬಿಟ್ಟುಕೊಂಡವನೇ ಅಲ್ಲ.

ಮೂಲೆ ಮಂಚದಲ್ಲಿ ಒಬ್ಬ ಅಜ್ಜಿ ಇದ್ದರು. ಮಾತ್ರೆ ಅಂದರೆ ಸಾಕು, ಹಲ್ಲು ಕಚ್ಚಿಕೊಂಡು ಗೋಡೆ ಕಡೆ ತಿರುಗಿಬಿಡೋರು. ಗಡ್ಡಣ್ಣ ಬಂದು, "ರೈಲು ಬರ್ತಿದೆ ಅಜ್ಜಿ, ಗೇಟ್ ತೆಗೀರಿ!" ಅಂದರೆ ಮಾತ್ರ ಬಾಯಿ ತೆರೆಯೋರು. ನಗುನಗುತ್ತಲೇ ಮಾತ್ರೆ ಹೊಟ್ಟೆ ಸೇರೋದು.

ಹೀಗಿರುವಾಗ ಅದೇ ವಾರ್ಡಿನ ನರ್ಸ್ ಒಬ್ಬಳಿಗೆ ಕಾಯಿಲೆ ಅಂಟಿತು. ಮಾಸ್ಕ್ ಹಾಕಿದ್ದಳು, ನಿಜ. ಆದರೆ ಅದು ಮುಖಕ್ಕೆ ಸರಿಯಾಗಿ ಕೂತಿರಲಿಲ್ಲ. ಹೆಡ್ ಸಿಸ್ಟರ್ ಸುಮ್ಮನಿರುವ ಹೆಂಗಸೇ? ಎಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿ, ಮಾಸ್ಕ್ ಹಾಕಿಸಿ, ತಲೆಗೆ ಪಾರದರ್ಶಕ ಚೀಲ ಇಳಿಬಿಟ್ಟು, ಒಳಗೆ ಕಹಿ ಔಷಧಿ ಸಿಂಪಡಿಸಿದರು. ನಾಲಿಗೆಗೆ ಕಹಿ ಹತ್ತಿದರೆ ಮಾಸ್ಕ್ ಸೋರುತ್ತಿದೆ ಅಂತ ಲೆಕ್ಕ.

ಗಡ್ಡಣ್ಣನ ಸರದಿ ಬಂತು. ಮೊದಲ ಸಿಂಪಡಿಕೆಗೇ ಗಂಟಲವರೆಗೂ ಕಹಿ! ಆದರೂ ಮಹರಾಯ ಜಂಬದಿಂದ, "ಒಂಚೂರೂ ಕಹಿ ಇಲ್ಲ ಸಿಸ್ಟರ್, ಸಿಹಿಯಾಗೇ ಇದೆ" ಅಂದ.

"ಸಿಹಿನೂ ಒಳಗೆ ಬರಬಾರದು ಕಣಯ್ಯ!" ಅಂದರು ಸಿಸ್ಟರ್.

ಪಕ್ಕದಲ್ಲಿ ಲಾಂಡ್ರಿಯ ಗೆಳೆಯ ನಿಂತಿದ್ದ, ಅವನಿಗೂ ಗಡ್ಡ, ಅದೂ ಮೊಳದುದ್ದ. "ಇಲ್ಲ ಸಿಸ್ಟರ್, ಗಟ್ಟಿಯಾಗಿ ಕೂತಿದೆ, ನಾನೇ ನೋಡಿದೀನಿ" ಅಂತ ಬಾಯಿ ಹಾಕಿದ.

"ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ! ನೀನು ಸುಮ್ನಿರು. ನೋಡು ಗಡ್ಡಣ್ಣ, ಗಡ್ಡದ ಸಂದಿಲಿ ಗಾಳಿ ನುಗ್ಗುತ್ತೆ. ಅದನ್ನ ತೆಗಿ, ಇಲ್ಲ ವಾರ್ಡ್ ಬಿಡು. ನಾಳೆಯಿಂದ ಆಫೀಸಲ್ಲಿ ಫೈಲ್ ಹೊರು. ಇನ್ನೊಬ್ಬರನ್ನ ಹಾಸಿಗೆ ಹಿಡಿಸೋಕೆ ನಾನು ತಯಾರಿಲ್ಲ."

ಫೈಲ್ ಹೊತ್ತ. ಗಡ್ಡ ಉಳೀತು, ಮನಸ್ಸು ಮಾತ್ರ ವಾರ್ಡಲ್ಲೇ. ಮಾರನೇ ದಿನ ಸುದ್ದಿ ಬಂತು: ಅಜ್ಜಿ ಮಾತ್ರೆ ಮುಟ್ಟಿಲ್ಲ, ರೈಲಿನವನನ್ನ ಕರೆಸಿ ಅಂತ ಹಟ. ಈ ಮಾತ್ರೆ ತಪ್ಪಿಸಿದರೆ ಕಾಯಿಲೆ ತಿರುಗಿ ಬೀಳುತ್ತೆ ಅನ್ನೋದು ಅವನಿಗೆ ಗೊತ್ತಿಲ್ಲದ್ದೇ? ಕೈಯಲ್ಲಿದ್ದ ಫೈಲನ್ನ ಅಲ್ಲೇ ಇಟ್ಟು ಸೀದಾ ಕ್ಷೌರದಂಗಡಿಗೆ ಹೋಗಿ, ಕಣ್ಣು ಮುಚ್ಚಿ ಕೂತ.

ಮನೆ ಬಾಗಿಲು ತೆಗೆದ ಹೆಂಡತಿ ಮೇಲಿಂದ ಕೆಳಗೆ ನೋಡಿದಳು. "ಯಾರು ಬೇಕಿತ್ತು? ನಮ್ಮೆಜಮಾನ್ರು ಇನ್ನೂ ಬಂದಿಲ್ಲ."

"ತಮಾಷೆ ಸಾಕು ಮಾರಾಯ್ತಿ. ಕೆಟ್ಟದಾಗಿದೆಯಾ?"

ಅವಳು ಗದ್ದ ಸವರಿದಳು. "ಅಬ್ಬ, ಮದುವೆ ಆದಾಗಿಂದ ಚುಚ್ತಿತ್ತು ರೀ! ನೊಂದ್ಕೋತೀರ ಅಂತ ಸುಮ್ನಿದ್ದೆ."

ಮರುದಿನ ಕಹಿಪರೀಕ್ಷೆಯಲ್ಲಿ ಪಾಸು. ವಾರ್ಡಿಗೆ ಹೋಗಿ "ರೈಲು ಬರ್ತಿದೆ" ಅಂದ, ಗೇಟು ತೆರೆಯಿತು. ಅಜ್ಜಿಗೆ ಏನೂ ವ್ಯತ್ಯಾಸವೇ ಕಾಣಲಿಲ್ಲ. ಹೇಗೆ ಕಂಡೀತು? ಅವನ ಮುಖವನ್ನ ಅವರು ಯಾವತ್ತೂ ನೋಡಿಯೇ ಇರಲಿಲ್ಲ! ಕಂಡಿದ್ದು ಬರೀ ಎರಡು ಕಣ್ಣು.

ಅಜ್ಜಿ ಪೂರ್ತಿ ಗುಣವಾಗಿ ಮನೆಗೆ ಹೊರಟ ದಿನ, ಅವನು ಆಸ್ಪತ್ರೆ ಗೇಟಿನ ಹೊರಗೆ, ಮರದ ಕೆಳಗೆ ಮಾಸ್ಕಿಲ್ಲದೆ ನಿಂತಿದ್ದ. ಅಜ್ಜಿ ಗುರುತು ಹಿಡಿಯದೆ ಮುಂದೆ ಹೋದರು. ಅವನು ಹಿಂದಿನಿಂದ, "ರೈಲು ಹೊರಡ್ತಿದೆ ಅಜ್ಜಿ!" ಅಂದ.

ಅಜ್ಜಿ ಗಕ್ಕನೆ ನಿಂತರು. ತಿರುಗಿ ಬಂದು ಎರಡೂ ಕೈಯಲ್ಲಿ ಅವನ ಮುಖ ಹಿಡಿದರು. ಕಣ್ಣಲ್ಲಿ ನೀರು, ಬಾಯಿತುಂಬ ನಗು. "ಅಯ್ಯೋ ನನ್ನಪ್ಪನೇ! ಮುಖ ಮುಚ್ಕೊಂಡು ಇಷ್ಟು ದಿನ ಯಾಕೋ ಮೋಸ ಮಾಡ್ದೆ? ಒಳ್ಳೆ ಇಲಿಮರಿ ಇದ್ದಂಗಿದೀಯಲ್ಲೋ, ಮುದ್ದಾಗಿ!"

ಅಜ್ಜಿಯನ್ನ ಕಳಿಸೋಕೆ ಬಂದು ಹಿಂದೆ ನಿಂತಿದ್ದ ಹೆಡ್ ಸಿಸ್ಟರ್‌ಗೆ ಇಷ್ಟೇ ಸಾಕಾಯಿತು. ಸಂಜೆಯೊಳಗೆ ಹೆಸರು ಆಸ್ಪತ್ರೆಗೆಲ್ಲ ಹಬ್ಬಿತು. ಕಾರಿಡಾರಿನ ಆ ತುದಿಯಿಂದ ಯಾರೋ, "ಏ ಇಲಿಮರಿ!" ಅಂತ ಕೂಗಿದರು.

"ಓ, ಬಂದೆ!" ಅಂದ ಅವನು, ಮಾಸ್ಕಿನೊಳಗೇ ನಗುತ್ತ.